ಹೊರದೇಶದಲ್ಲಿದ್ದು ಊರಿನವರಿಗೆ ಆಪ್ ಮಾಡುವವರು ಪರೀಕ್ಷೆಯ ಫೋನುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದು, ಬಿಡುವಿನ ವೇಳೆಯಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರಿಗಾಗಿ ಆಯಾ ದಿನದ ಮಾರುಕಟ್ಟೆ ಧಾರಣೆಯನ್ನು ಕನ್ನಡದಲ್ಲಿ ತೋರಿಸುವ ಒಂದು ಸಣ್ಣ ಆಪ್ ನಡೆಸುತ್ತಿದ್ದೇನೆ. ಇದೇ ಬಗೆಯ ಕೆಲಸಕ್ಕೆ ಕೈಹಾಕಿದ ಹೊರದೇಶದ ಕನ್ನಡಿಗರು ಕರೆಗಳಲ್ಲಿ, ಪತ್ರಗಳಲ್ಲಿ, ಕನ್ನಡ ಸಂಘದ ಊಟದ ಸಾಲಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಈಗಾಗಲೇ ಫೋನ್ ಕೈಯಲ್ಲಿರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಯಾವ ಫೋನ್ ಬೇಕು

ಎಮ್ಯುಲೇಟರ್ ಇದೆಯಲ್ಲ, ದುಡ್ಡು ಕೊಟ್ಟು ನಿಜವಾದ ಫೋನ್ ಯಾಕೆ ತಗೋಬೇಕು?

ಲ್ಯಾಪ್‌ಟಾಪಿನೊಳಗೆ ಫೋನನ್ನು ಅನುಕರಿಸುವ ತಂತ್ರಾಂಶವಾದ ಎಮ್ಯುಲೇಟರ್ ಒಳ್ಳೆಯ ಸಾಧನವೇ. ಪರದೆಯ ಅಳತೆಗಳು, ಆಂಡ್ರಾಯ್ಡಿನ ಬೇರೆ ಬೇರೆ ಆವೃತ್ತಿಗಳು, ಭಾಷೆಯ ಆಯ್ಕೆ ಮತ್ತು ನಿಧಾನಗತಿಯ ಜಾಲ ಇವನ್ನೆಲ್ಲ ಅದರಲ್ಲಿ ನೋಡಿಕೊಳ್ಳಬಹುದು. ಆದರೆ ಅದು ಓಡುವುದು ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ ಮತ್ತು ವೇಗದ ಡಿಸ್ಕಿನ ಬಲದಿಂದ. ಕಡಿಮೆ ಬೆಲೆಯ ಫೋನಿನ ನಿಧಾನಗತಿಯ ಮೆಮೊರಿ ಚಿಪ್, ಬಿಸಿಲಿನಲ್ಲಿ ಕಾದು ವೇಗ ಇಳಿಸಿಕೊಳ್ಳುವ ಪ್ರೊಸೆಸರ್, ರ‍್ಯಾಮ್ ಸಾಲದೆ ಹಿಂದಿನ ಆಪ್‌ಗಳನ್ನು ಮುಚ್ಚಿಹಾಕುವ ವ್ಯವಸ್ಥೆ, ತಯಾರಕ ಕಂಪನಿ ತನ್ನದಾಗಿ ಸೇರಿಸಿದ ಬದಲಾವಣೆಗಳು ಇವು ಅದರಲ್ಲಿ ನಿಜದಲ್ಲಿದ್ದಂತೆ ಕಾಣುವುದಿಲ್ಲ. ಎಮ್ಯುಲೇಟರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿದ್ದ ನನ್ನ ಆಪ್, ಸಾಗರದಲ್ಲಿರುವ ಚಿಕ್ಕಪ್ಪನ ಫೋನಿನಲ್ಲಿ ತೆರೆಯಲು ಒಂಬತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಅವರು ಅದನ್ನು ಮುಚ್ಚಿ, ಮಂಡಿಗೇ ಫೋನ್ ಮಾಡಿ ಧಾರಣೆ ಕೇಳಿಬಿಡುತ್ತಿದ್ದರು.

ಇನ್ನೊಂದು ಕಾರಣವೂ ಇದೆ. ಆಪ್‌ಗಳನ್ನು ಪ್ರಕಟಿಸಲು ಗೂಗಲ್ ಕೊಡುವ ಪ್ಲೇ ಕನ್ಸೋಲಿನಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆಯುವವರು ತಮ್ಮ ಬಳಿ ನಿಜವಾದ ಆಂಡ್ರಾಯ್ಡ್ ಫೋನ್ ಇದೆ ಎಂಬುದನ್ನು ಕನ್ಸೋಲಿನ ಮೊಬೈಲ್ ಆಪ್ ಮೂಲಕ ದೃಢಪಡಿಸಬೇಕಾಗುತ್ತದೆ.

ನನ್ನ ಹತ್ರ ಪಿಕ್ಸೆಲ್ ಇದೆ, ಮನೆಯವರ ಹತ್ರ ಗ್ಯಾಲಕ್ಸಿ ಎಸ್ ಇದೆ. ಅಷ್ಟು ಸಾಲದಾ?

ಆಪ್ ಬರೆಯುವ ಹೊತ್ತಿನಲ್ಲಿ ಸಾಕು, ಜನರ ಕೈಗೆ ಕೊಡುವ ಮುನ್ನ ಸಾಲದು. ಪಿಕ್ಸೆಲ್‌ನಲ್ಲಿರುವುದು ಗೂಗಲ್ ರೂಪಿಸಿದ ಆಂಡ್ರಾಯ್ಡ್. ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವ ವಿವೊ, ಒಪ್ಪೋ, ರಿಯಲ್‌ಮಿ, ರೆಡ್ಮಿಗಳಲ್ಲಿರುವುದು ಆಯಾ ಕಂಪನಿ ತಿದ್ದಿಕೊಂಡ ಆಂಡ್ರಾಯ್ಡ್. ಸ್ಯಾಮ್‌ಸಂಗ್ ಕೂಡ ಭಾರತದಲ್ಲಿ ಹೆಚ್ಚು ಓಡುವುದು ಬೇರೆಯೇ ಸಾಲುಗಳಲ್ಲಿ. 2019ರ ಜನವರಿಯಲ್ಲಿ ಎಂ10 ಮತ್ತು ಎಂ20 ಫೋನುಗಳೊಂದಿಗೆ ಭಾರತದಲ್ಲೇ ಆರಂಭವಾದ ಎಂ ಸಾಲು ಮತ್ತು 2020ರಲ್ಲಿ ಎಫ್41ರಿಂದ ಶುರುವಾದ ಎಫ್ ಸಾಲು ಅದಕ್ಕೆ ಉದಾಹರಣೆಗಳು. ಎಸ್ ಸಾಲಿನ ಫೋನಿನಲ್ಲಿ ಸಲೀಸಾಗಿ ಓಡಿದ್ದು ಎಂ10ರಲ್ಲಿಯೂ ಓಡುತ್ತದೆಂದು ನಂಬಲು ಯಾವ ಆಧಾರವೂ ಇಲ್ಲ.

ಒಂದೇ ಒಂದು ಫೋನ್ ತಗೊಳ್ಳೋದಾದ್ರೆ ಯಾವುದು ತಗೊಳ್ಳಲಿ?

ನಿಮ್ಮ ಬಳಕೆದಾರರ ಕೈಯಲ್ಲಿ ಯಾವುದಿದೆಯೋ ಅದನ್ನೇ. ಈಗಾಗಲೇ ಆಪ್ ಬಿಡುಗಡೆಯಾಗಿದ್ದರೆ ಪ್ಲೇ ಕನ್ಸೋಲಿನ ಅಂಕಿ-ಅಂಶಗಳಲ್ಲಿ ಮಾದರಿ, ರ‍್ಯಾಮ್ ಮತ್ತು ಆಂಡ್ರಾಯ್ಡ್ ಆವೃತ್ತಿಯ ವಿವರ ಸಿಗುತ್ತದೆ. ಆಗಿಲ್ಲದಿದ್ದರೆ, ಬಳಸಬಹುದಾದ ಹತ್ತು ಮಂದಿಗೆ ‘ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆರೆದು ಒಂದು ಸ್ಕ್ರೀನ್‌ಶಾಟ್ ಕಳಿಸಿ’ ಎಂದು ಕೇಳಿಕೊಳ್ಳಿ. ನಾನು ಹಾಗೆ ಕೇಳಿದಾಗ ಬಂದ ಹನ್ನೊಂದು ಚಿತ್ರಗಳಲ್ಲಿ ಒಂದೂ ನಾನು ಪರೀಕ್ಷಿಸಿದ ಫೋನ್ ಆಗಿರಲಿಲ್ಲ.

ಅಂಥ ಮಾಹಿತಿಯೇ ಇಲ್ಲವೆಂದಾದರೆ, ಕಡಿಮೆ ರ‍್ಯಾಮಿನ ಫೋನುಗಳಿಗಾಗಿ ಹಗುರಗೊಳಿಸಿದ ಆಂಡ್ರಾಯ್ಡ್ ಗೋ ಆವೃತ್ತಿಯಿರುವ, 2 ಅಥವಾ 3 ಜಿಬಿ ರ‍್ಯಾಮಿನ, ಕೆಲವು ವರ್ಷ ಹಳೆಯ ಒಂದು ಫೋನ್ ಕೊಳ್ಳಿರೆಂದೇ ನನ್ನ ಸಲಹೆ. ರೆಡ್ಮಿ ಎ1, ಎ2 ಅಥವಾ 2021ರ ನವೆಂಬರಿನಲ್ಲಿ ಬಂದ ಜಿಯೋಫೋನ್ ನೆಕ್ಸ್ಟ್ ಈ ಗುಂಪಿಗೆ ಸೇರುತ್ತವೆ. ಕೀಲಿಮಣೆಯ ಹಳೆಯ ಜಿಯೋಫೋನಿನಲ್ಲಿರುವುದು ಕಾಯ್ ಒಎಸ್. ಅದರಲ್ಲಿ ಆಂಡ್ರಾಯ್ಡ್ ಆಪ್‌ಗಳು ಓಡುವುದಿಲ್ಲವಾದ್ದರಿಂದ ಹೆಸರು ನೋಡಿ ಮೋಸಹೋಗಬೇಡಿ. ಹಣಕ್ಕೆ ಅನುಕೂಲವಿದ್ದರೆ ಎರಡನೆಯದಾಗಿ ಮಧ್ಯಮ ಬೆಲೆಯ ಒಂದು ವಿವೊ ಅಥವಾ ರಿಯಲ್‌ಮಿ ಇರಲಿ.

ಕೊಂಡ ಮೇಲೆ ಫೋನನ್ನು ಖಾಲಿ ಇಟ್ಟುಕೊಂಡು ಪರೀಕ್ಷಿಸಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಚಿಕ್ಕಪ್ಪನ ಫೋನನ್ನು ಕೈಗೆತ್ತಿಕೊಂಡು ನೋಡಿದ ದಿನ ನನಗೆ ಇದು ಅರ್ಥವಾಯಿತು. ಗಾಜಿನ ಒಂದು ಮೂಲೆ ಒಡೆದಿತ್ತು, ಚಾರ್ಜಿಂಗ್ ರಂಧ್ರದಲ್ಲಿ ತೋಟದ ಮಣ್ಣು ಕೂತಿತ್ತು, ಅಕ್ಷರದ ಗಾತ್ರ ಗರಿಷ್ಠ ಮಟ್ಟದಲ್ಲಿತ್ತು, 32 ಜಿಬಿಯಲ್ಲಿ 400 ಎಂಬಿ ಮಾತ್ರ ಉಳಿದಿತ್ತು. ಬಳಕೆಯಾಗಿದ್ದ ಜಾಗದಲ್ಲಿ ಬಹುಪಾಲನ್ನು ವಾಟ್ಸ್‌ಆಪ್‌ನಲ್ಲಿ ಬಂದ ಶುಭೋದಯದ ಚಿತ್ರಗಳು ಮತ್ತು ಯಕ್ಷಗಾನದ ವಿಡಿಯೊಗಳು ತುಂಬಿದ್ದವು. ಈಗ ನನ್ನ ಪರೀಕ್ಷೆಯ ಫೋನನ್ನೂ ನಾನು ಹಾಗೆಯೇ ತುಂಬಿಸಿಟ್ಟಿದ್ದೇನೆ. ತಾತ್ಕಾಲಿಕ ಕಡತ ಬರೆಯಲು ಜಾಗ ಸಿಗದೆ ಆಪ್ ಕುಸಿಯುವ ದೋಷ ನನಗೆ ಸಿಕ್ಕಿದ್ದು ಅದರಿಂದಲೇ.

## ಕೊಳ್ಳುವುದು ಮತ್ತು ತರುವುದು

ಇಲ್ಲಿನ ಅಂಗಡೀಲೇ ರೆಡ್ಮಿ ಸಿಗುತ್ತೆ. ಅದನ್ನೇ ಊರಿಂದ ಯಾಕೆ ತರಿಸಬೇಕು?

ಹೆಸರು ಒಂದೇ ಆದ ಮಾತ್ರಕ್ಕೆ ಫೋನ್ ಒಂದೇ ಎಂದು ಹೇಳಲಾಗದು. ರೆಡ್ಮಿಯನ್ನು ತಯಾರಿಸುವ ಶಿಯೋಮಿ ಭಾರತಕ್ಕೆ, ಯುರೋಪಿಗೆ ಮತ್ತು ಚೀನಾಕ್ಕೆ ಬೇರೆ ಬೇರೆ ತಂತ್ರಾಂಶ ಕೊಡುತ್ತದೆ. ಮೊದಲೇ ತುಂಬಿ ಕೊಡುವ ಆಪ್‌ಗಳು ಮತ್ತು ಕೀಲಿಮಣೆ ಬದಲಾಗುತ್ತವೆ. ಕೆಲವೊಮ್ಮೆ ಒಳಗಿನ ಯಂತ್ರವೇ ಬೇರೆಯಾಗಿರುತ್ತದೆ. ರೆಡ್ಮಿ ನೋಟ್ 11 ಎಂಬ ಒಂದೇ ಹೆಸರಿನಲ್ಲಿ ಚೀನಾದಲ್ಲಿ ಡೈಮೆನ್ಸಿಟಿ 810, ಭಾರತದಲ್ಲಿ ಸ್ನ್ಯಾಪ್‌ಡ್ರ್ಯಾಗನ್ 680 ಪ್ರೊಸೆಸರ್ ಇರುವ ಫೋನುಗಳು ಮಾರಾಟವಾದವು. ಭಾರತದಲ್ಲಿ ಮಾರುವ ಫೋನುಗಳು ಭಾರತೀಯ ಭಾಷೆಗಳ ಬೆಂಬಲಕ್ಕೆ ಸಂಬಂಧಿಸಿದ ಐಎಸ್ 16333ರ ಮೂರನೆಯ ಭಾಗ ಎಂಬ ಮಾನಕವನ್ನು ಪಾಲಿಸಬೇಕು; ಹೊರದೇಶಕ್ಕೆ ತಯಾರಾದ ಫೋನಿಗೆ ಆ ನಿರ್ಬಂಧವಿಲ್ಲ. ಕನ್ನಡವೇ ನಿಮ್ಮ ಆಪಿನ ಜೀವಾಳವಾಗಿದ್ದರೆ ಭಾರತದಲ್ಲಿ ಮಾರಾಟವಾದ ಫೋನನ್ನೇ ತರಿಸಿಕೊಳ್ಳಿ. ಕೇವಲ ವೇಗ ಮತ್ತು ರ‍್ಯಾಮಿನ ಪರೀಕ್ಷೆ ಸಾಕೆನ್ನುವವರಿಗೆ ಇಲ್ಲಿನ ಅಂಗಡಿಯದೂ ಆದೀತು.

ಊರಿಗೆ ಹೋದಾಗ ಎಲ್ಲಿ ತಗೊಳ್ಳೋದು? ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಮೋಸ ಆಗಲ್ವಾ?

ಹೊಸದಾದರೆ ನಿಮ್ಮ ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಗೇ ಹೋಗಿ. ಹತ್ತು ಸಾವಿರದೊಳಗೆ ಈ ಸೀಮೆಯಲ್ಲಿ ಹೆಚ್ಚು ಹೋಗುವುದು ಯಾವುದೆಂದು ಅಂಗಡಿಯವರನ್ನು ಕೇಳಿದರೆ, ಯಾವ ಸಮೀಕ್ಷೆಯೂ ಕೊಡದಷ್ಟು ನಿಖರವಾದ ಉತ್ತರ ಸಿಗುತ್ತದೆ. ಶೇ. 18ರ ಜಿಎಸ್‌ಟಿ ನಮೂದಾದ ಬಿಲ್ ತಪ್ಪದೆ ಪಡೆಯಿರಿ, ಹೊರದೇಶದ ಕಸ್ಟಮ್ಸ್‌ನಲ್ಲಿ ಬೆಲೆ ತೋರಿಸಲು ಅದು ಬೇಕಾಗುತ್ತದೆ.

ಹಳೆಯ ಫೋನುಗಳಿಗೆ ಬೆಂಗಳೂರಿನ ಎಸ್‌ಪಿ ರಸ್ತೆ, ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ ಇವೆ. ವಾರಂಟಿ ಸಮೇತ ಮಾರುವ ಕ್ಯಾಶಿಫೈನಂಥ ಸಂಸ್ಥೆಗಳೂ ಇವೆ. ಹಣ ಕೊಡುವ ಮುನ್ನ *#06# ಒತ್ತಿ, ಫೋನಿನ ಗುರುತಾದ ಐಎಂಇಐ ಸಂಖ್ಯೆಯನ್ನು ನೋಡಿ, ಇಂಗ್ಲಿಷ್ ಅಕ್ಷರಗಳಲ್ಲಿ KYM ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿಗಳನ್ನು ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಳವಾದದ್ದೆಂದು ತಡೆಹಿಡಿದ ಫೋನಾಗಿದ್ದರೆ ಅಲ್ಲಿಯೇ ತಿಳಿಯುತ್ತದೆ. ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ತಾಣದಲ್ಲಿಯೂ ಇದೇ ಪರಿಶೀಲನೆ ಸಾಧ್ಯ.

ಎರಡನೆಯ ಎಚ್ಚರಿಕೆ ನನ್ನ ಅನುಭವದ್ದು. ಒಂದು ಅಂಗಡಿಯಲ್ಲಿ ಕೊಂಡ ಹಳೆಯ ಫೋನನ್ನು ಜರ್ಮನಿಗೆ ತಂದು ರೀಸೆಟ್ ಮಾಡಿದಾಗ, ಹಿಂದಿನ ಮಾಲೀಕರ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಿತು. ಆ ಮಾಲೀಕರು ಯಾರೆಂದು ಅಂಗಡಿಯವರಿಗೂ ಗೊತ್ತಿರಲಿಲ್ಲ. ಆ ಫೋನ್ ಇಂದಿಗೂ ಮೇಜಿನ ಖಾನೆಯಲ್ಲಿ ಹಾಗೆಯೇ ಇದೆ. ಹಳೆಯ ಫೋನನ್ನು ಅಂಗಡಿಯ ಕಟ್ಟೆಯ ಮೇಲೆಯೇ ರೀಸೆಟ್ ಮಾಡಿಸಿ, ನಿಮ್ಮ ಖಾತೆಯಿಂದ ಒಳಹೊಕ್ಕು ನೋಡಿದ ನಂತರವೇ ಹಣ ಕೊಡಿ.

ಅಮ್ಮ ಪಾರ್ಸೆಲ್ ಮಾಡಿ ಕಳಿಸ್ತೀನಿ ಅಂತಾರೆ. ಕಳಿಸಬಹುದಾ?

ಸಾಧ್ಯವಾದಷ್ಟು ಮಟ್ಟಿಗೆ, ಬರುವ ನೆಂಟರ ಕೈಯಲ್ಲಿ ಕೊಟ್ಟು ಕಳಿಸಲು ಹೇಳಿ. ಲಿಥಿಯಂ ಬ್ಯಾಟರಿ ವಿಮಾನ ಸಾಗಣೆಯಲ್ಲಿ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಉಪಕರಣದೊಳಗಿರುವ ಬ್ಯಾಟರಿಯನ್ನು ಕೊರಿಯರ್ ಸಂಸ್ಥೆ ಒಪ್ಪಿಕೊಂಡರೂ ಅದನ್ನು ಘೋಷಿಸಿ, ಸರಿಯಾದ ಗುರುತು ಹಚ್ಚಿ ಕಳಿಸಬೇಕು. ‘ಪುಸ್ತಕಗಳು’ ಎಂದು ಬರೆದು ಕಳಿಸುವ ಸಲಹೆಗೆ ದಯವಿಟ್ಟು ಕಿವಿಗೊಡಬೇಡಿ. ಪ್ರಯಾಣಿಕರಿಗೆ ಈ ತೊಡಕಿಲ್ಲ. 5000 ಎಂಎಎಚ್ ಬ್ಯಾಟರಿಯೆಂದರೆ ಸುಮಾರು 19 ವ್ಯಾಟ್-ಅವರ್, ಪ್ರಯಾಣಿಕರಿಗಿರುವ ಮಿತಿ 100. ಫೋನನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ತೆರಿಗೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಸಣ್ಣ ಪಾರ್ಸೆಲ್‌ಗಳಿಗಿದ್ದ 22 ಯೂರೋ ವಿನಾಯಿತಿ 2021ರ ಜುಲೈ 1ರಿಂದ ರದ್ದಾಗಿದೆ. ಮನೆಯವರು ಕಳಿಸುವ ಉಡುಗೊರೆಗೆ 45 ಯೂರೋವರೆಗೆ ಮಾತ್ರ ವಿನಾಯಿತಿ ಇದ್ದು, ಅದನ್ನು ಮೀರಿದ ಫೋನಿಗೆ ಜರ್ಮನಿಯಲ್ಲಿ ತೆರಿಗೆ ಬೀಳುತ್ತದೆ. ವಿಮಾನದಲ್ಲಿ ಬರುವ ಪ್ರಯಾಣಿಕರಿಗಾದರೋ 430 ಯೂರೋ, ಬ್ರಿಟನ್ನಿಗೆ ಬರುವವರಿಗೆ 390 ಪೌಂಡ್ ಮಿತಿ ಇದೆ. ಅಮೆರಿಕದಲ್ಲಿ 800 ಡಾಲರಿನೊಳಗಿನ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಂದು ನಿಂತಿತು.

ಸ್ಯಾಮ್‌ಸಂಗ್ ತಂದೆ, ಇಲ್ಲಿನ ಸಿಮ್ ಹಾಕಿದ್ರೆ ಲಾಕ್ ಅಂತ ಬರ್ತಿದೆ. ಕೆಟ್ಟುಹೋಯ್ತಾ?

ಕೆಟ್ಟಿಲ್ಲ. ಸ್ಯಾಮ್‌ಸಂಗಿನ ಅನೇಕ ಮಾದರಿಗಳು, ಮಾರಾಟವಾದ ಪ್ರದೇಶದ ಸಿಮ್‌ನಿಂದ ಒಟ್ಟು ಐದು ನಿಮಿಷ ಕರೆ ಮಾಡುವವರೆಗೆ ಬೇರೆ ಪ್ರದೇಶದ ಸಿಮ್ ಒಪ್ಪುವುದಿಲ್ಲ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಇದು ಬರೆದಿರುತ್ತದೆ. ಊರಿನಿಂದ ಹೊರಡುವ ಮುನ್ನ ಅಜ್ಜಿಗೋ ಅತ್ತೆಗೋ ಆ ಫೋನಿನಿಂದಲೇ ಒಂದು ಕರೆ ಮಾಡಿಬಿಡಿ.

ಊರಿನ ಫೋನ್ ಇಲ್ಲಿ ನೆಟ್‌ವರ್ಕ್ ಹಿಡಿಯುತ್ತಾ?

ಅರೆಬರೆ ಹಿಡಿಯುತ್ತದೆ. ಜಿಯೋ 4ಜಿ ಬಳಸುವುದು 850, 1800 ಮತ್ತು 2300 ಮೆಗಾಹರ್ಟ್ಸ್ ತರಂಗಗಳನ್ನು. ಇವುಗಳಲ್ಲಿ 1800 ಯುರೋಪಿನಲ್ಲಿ ವ್ಯಾಪಕವಾಗಿದೆ. ಅಮೆರಿಕದಲ್ಲಿ 2022ರಲ್ಲಿ 3ಜಿ ಮುಚ್ಚಿದ ಮೇಲೆ ಕರೆಗಳೆಲ್ಲ 4ಜಿ ಮೂಲಕವೇ ಹೋಗಬೇಕಾಗಿರುವುದರಿಂದ, ಅಲ್ಲಿನ ಕಂಪನಿಗಳು ಒಪ್ಪಿದ ಪಟ್ಟಿಯಲ್ಲಿಲ್ಲದ ಭಾರತದ ಫೋನಿನಲ್ಲಿ ಕರೆ ಸಾಧ್ಯವಾಗದೆ ಹೋಗಬಹುದು. ಪರೀಕ್ಷೆಯ ಮಟ್ಟಿಗೆ ವೈಫೈ ಸಾಕು. ಊರಿನ ಒಂದು ಕಡ್ಡಿ ಸಿಗ್ನಲ್ಲಿನ ಅನುಭವ ಬೇಕಾದರೆ ರೌಟರಿನಲ್ಲೇ ಆ ಫೋನಿನ ವೇಗಕ್ಕೆ ಮಿತಿ ಹಾಕಿ.

ಒಟಿಪಿ, ಯುಪಿಐ ಪರೀಕ್ಷೆಗೆ ಇಂಡಿಯಾ ಸಿಮ್ ಬೇಕೇ ಬೇಕಾ? ತಮ್ಮನ ಸಿಮ್ ತರಬಹುದಾ?

ತಮ್ಮನ ಸಿಮ್ ತರಬೇಡಿ. ಆ ಸಂಖ್ಯೆಯಿಂದ ನಡೆಯುವ ಎಲ್ಲದಕ್ಕೂ ಅವರೇ ಹೊಣೆಯಾಗುತ್ತಾರೆ, ಅವರ ಬ್ಯಾಂಕಿನ ಸಂದೇಶಗಳೂ ನಿಮ್ಮ ಮೇಜಿನ ಮೇಲೆ ಬಂದು ಬೀಳುತ್ತವೆ. ಊರಿಗೆ ಹೋದಾಗ ನಿಮ್ಮ ಹೆಸರಿನಲ್ಲೇ ಒಂದು ಸಿಮ್ ಪಡೆದು, ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ತಪ್ಪಿಸದೆ ಇಟ್ಟುಕೊಳ್ಳಿ. 90 ದಿನ ಯಾವ ಬಳಕೆಯೂ ಇಲ್ಲದ ಸಂಖ್ಯೆಯನ್ನು ಕಂಪನಿ ನಿಲ್ಲಿಸಬಹುದು.

ಯುಪಿಐ ಆಪ್‌ಗಳು ನೋಂದಣಿಯ ವೇಳೆ ಅದೇ ಫೋನಿನಿಂದ ಒಂದು ಎಸ್‌ಎಂಎಸ್ ಕಳಿಸಿ, ಸಿಮ್ ಮತ್ತು ಸಾಧನವನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ. ಆದ್ದರಿಂದ ಎಮ್ಯುಲೇಟರಿನಲ್ಲಿ ಇದನ್ನು ಪೂರ್ತಿ ಪರೀಕ್ಷಿಸಲಾಗದು. 2023ರ ಜನವರಿಯಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಅನಿವಾಸಿಗಳ ಎನ್‌ಆರ್‌ಇ ಮತ್ತು ಎನ್‌ಆರ್‌ಒ ಖಾತೆಗಳಿಗೆ ಜೋಡಿಸಿದ ವಿದೇಶಿ ಸಂಖ್ಯೆಗಳಿಗೂ ಅವಕಾಶ ಕೊಟ್ಟಿತು; ಮೊದಲ ಪಟ್ಟಿಯ 10 ದೇಶಗಳಲ್ಲಿ ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ, ಕತಾರ್ ಮೊದಲಾದವು ಇದ್ದವು, ಜರ್ಮನಿ ಇರಲಿಲ್ಲ.

## ಫೋನ್ ಊರಿನಲ್ಲಿ, ನೀವು ಇಲ್ಲಿ

ಫೋನ್ ಬಾಡಿಗೆಗೆ ಸಿಗುತ್ತಂತಲ್ಲ, ಇಂಟರ್ನೆಟ್ಟಲ್ಲೇ? ಅದು ಆಗಲ್ವಾ?

ಆಗುತ್ತದೆ, ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಫೈರ್‌ಬೇಸ್ ಟೆಸ್ಟ್ ಲ್ಯಾಬ್ ಉಚಿತ ಯೋಜನೆಯಲ್ಲಿಯೇ ದಿನಕ್ಕೆ 5 ಪರೀಕ್ಷೆಗಳನ್ನು ನಿಜವಾದ ಫೋನುಗಳಲ್ಲಿ ನಡೆಸಿಕೊಡುತ್ತದೆ. ಸ್ಯಾಮ್‌ಸಂಗಿನ ರಿಮೋಟ್ ಟೆಸ್ಟ್ ಲ್ಯಾಬ್ ತನ್ನ ಫೋನುಗಳನ್ನು ಹಣವಿಲ್ಲದೆ ಬಳಸಲು ಕೊಡುತ್ತದೆ. 2011ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಬ್ರೌಸರ್‌ಸ್ಟ್ಯಾಕ್ ಮತ್ತು ಅಮೆಜಾನಿನ ಡಿವೈಸ್ ಫಾರ್ಮ್ ಹಣ ಪಡೆದು ಕೊಡುವ ಸೇವೆಗಳು. ಕುಸಿತಗಳನ್ನು ಪತ್ತೆಹಚ್ಚಲು ಮತ್ತು ಹತ್ತಾರು ಮಾದರಿಗಳಲ್ಲಿ ಪರದೆ ಹೇಗೆ ಕಾಣುತ್ತದೆಂದು ನೋಡಲು ಇವು ಬಹಳ ಉಪಯುಕ್ತ. ಆದರೆ ಅಲ್ಲಿನ ಫೋನುಗಳು ತಂಪಾದ ಕೋಣೆಯಲ್ಲಿ, ಪೂರ್ತಿ ಚಾರ್ಜಿನಲ್ಲಿ, ವೇಗದ ಜಾಲಕ್ಕೆ ಜೋಡಿಸಿಕೊಂಡು, ಪ್ರತಿ ಸಲವೂ ತೊಳೆದಿಟ್ಟ ಪಾತ್ರೆಯ ಹಾಗೆ ನಮ್ಮ ಕೈಗೆ ಬರುತ್ತವೆ. ಮೂರು ದಿನ ಮುಟ್ಟದೆ ಬಿಟ್ಟ ಆಪ್ ನಾಲ್ಕನೆಯ ದಿನ ಬೆಳಗ್ಗೆ ಸೂಚನೆ ತೋರಿಸುತ್ತದೆಯೇ ಎಂಬುದನ್ನು ಅಲ್ಲಿ ನೋಡಲಾಗದು.

ಊರಲ್ಲೇ ಫೋನ್ ಇಟ್ಟು ಇಲ್ಲಿಂದ ನಡೆಸಬಹುದಾ?

ನಡೆಸಬಹುದು, ನಾನೇ ಎರಡು ವರ್ಷ ನಡೆಸಿದ್ದೇನೆ. ಊರಿನ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಅದಕ್ಕೆ ಯುಎಸ್‌ಬಿ ತಂತಿಯಿಂದ ಜೋಡಿಸಿದ ಫೋನ್, ಕಂಪ್ಯೂಟರಿನಿಂದ ಫೋನನ್ನು ನಡೆಸುವ ಎಡಿಬಿ ಎಂಬ ಸಾಧನಕ್ಕೆ ಎಸ್‌ಎಸ್‌ಎಚ್ ಸುರಂಗ (ಅಂತರಜಾಲದ ಮೂಲಕ ಸುರಕ್ಷಿತ ಸಂಪರ್ಕ), ಪರದೆ ನೋಡಲು ಎಸ್‌ಸಿಆರ್‌ಸಿಪಿವೈ ಎಂಬ ಮುಕ್ತ ತಂತ್ರಾಂಶ, ಇಷ್ಟಿದ್ದರೆ ಸಾಕು. ಎಡಿಬಿಯ ಪೋರ್ಟನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು ಮನೆಬಾಗಿಲು ತೆರೆದಿಟ್ಟಂತೆಯೇ, ಹಾಗೆ ಎಂದಿಗೂ ಮಾಡಬೇಡಿ. ದಿನವಿಡೀ ಚಾರ್ಜಿನಲ್ಲಿಟ್ಟ ಫೋನಿನ ಬ್ಯಾಟರಿ ಉಬ್ಬುವ ಸಾಧ್ಯತೆಯಿದೆ. ದಿನಕ್ಕೆ ಎರಡು ಗಂಟೆ ಮಾತ್ರ ವಿದ್ಯುತ್ ಹರಿಯುವಂತೆ ಟೈಮರ್ ಪ್ಲಗ್ ಹಾಕಿಸಿ, ಹಿಂಬದಿ ಉಬ್ಬಿದಂತೆ ಕಂಡರೆ ಕೂಡಲೇ ಬಿಚ್ಚಿಡುವಂತೆ ಮನೆಯವರಿಗೆ ತಿಳಿಸಿಡಿ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟನ್ನು ನಂಬಿ ಬಿಡುಗಡೆಯ ದಿನ ಗೊತ್ತುಮಾಡಬಾರದೆಂಬುದನ್ನೂ ಅನುಭವದಿಂದ ಹೇಳುತ್ತೇನೆ.

ರೆಡ್ಮಿ ಫೋನಿಗೆ ಕೇಬಲ್ ಹಾಕಿ ಆಪ್ ಹಾಕೋಕೇ ಆಗ್ತಿಲ್ಲ. ಡೆವಲಪರ್ ಆಯ್ಕೆ ಆನ್ ಇದೆಯಲ್ಲ?

ಶಿಯೋಮಿ ಫೋನುಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಅಲ್ಲದೆ ‘ಇನ್‌ಸ್ಟಾಲ್ ವಯಾ ಯುಎಸ್‌ಬಿ’ ಎಂಬ ಬೇರೆಯೇ ಅನುಮತಿ ಇರುತ್ತದೆ. ಅದನ್ನು ಚಾಲೂ ಮಾಡಲು ಶಿಯೋಮಿಯ ಮಿ ಖಾತೆಯಲ್ಲಿ ಒಳಹೊಕ್ಕಿರಬೇಕು, ಎಷ್ಟೋ ಸಲ ಫೋನಿನಲ್ಲಿ ಸಿಮ್ ಕೂಡ ಇರಬೇಕು. ಸಿಮ್ ತೆಗೆದು ಪಾರ್ಸೆಲ್ ಮಾಡಿಸಿಕೊಂಡವರು ಸಿಕ್ಕಿಬೀಳುವುದು ಇಲ್ಲಿಯೇ. ಈ ಕೆಲಸವನ್ನು ಊರಿನಲ್ಲೇ ಮುಗಿಸಿಕೊಂಡು ಬನ್ನಿ.

## ಸ್ವಲ್ಪ ಆಳದ ಪ್ರಶ್ನೆಗಳು

ಪಿಕ್ಸೆಲಲ್ಲಿ ನೋಟಿಫಿಕೇಶನ್ ಬರುತ್ತೆ, ಊರಲ್ಲಿ ಯಾರಿಗೂ ಬರ್ತಿಲ್ಲ. ನನ್ನ ಕೋಡ್ ತಪ್ಪಾ?

ಕೋಡ್ ಸರಿಯಿದ್ದರೂ ಹೀಗಾಗುತ್ತದೆ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಹಲವು ಕಂಪನಿಗಳು ಹಿನ್ನೆಲೆಯ ಆಪ್‌ಗಳನ್ನು ಗೂಗಲ್ ವಿಧಿಸಿದ್ದಕ್ಕಿಂತ ಕಟುವಾಗಿ ನಿಲ್ಲಿಸುತ್ತವೆ, ಬಳಕೆದಾರರು ಸ್ವತಃ ‘ಆಟೋಸ್ಟಾರ್ಟ್’ ಅನುಮತಿ ಕೊಡುವವರೆಗೆ ಏಳಗೊಡುವುದಿಲ್ಲ. ಯಾವ ಕಂಪನಿ ಎಷ್ಟು ಕಟು, ಯಾವ ಸೆಟ್ಟಿಂಗ್ ಎಲ್ಲಿದೆ ಎಂಬುದನ್ನು ‘ಡೋಂಟ್ ಕಿಲ್ ಮೈ ಆಪ್’ ಎಂಬ ತಾಣ ಕಂಪನಿವಾರು ಪಟ್ಟಿ ಮಾಡಿದೆ. ನಾನು ಧಾರಣೆಯ ಸೂಚನೆಯನ್ನು ಆಪ್ ತಾನೇ ಎದ್ದು ತರುವ ಬದಲು ಸರ್ವರಿನಿಂದ ಹೆಚ್ಚಿನ ಆದ್ಯತೆಯ ಪುಶ್ ಸಂದೇಶವಾಗಿ ಕಳಿಸತೊಡಗಿದೆ. ಜೊತೆಗೆ ಆಟೋಸ್ಟಾರ್ಟ್ ಚಾಲೂ ಮಾಡುವ ಬಗೆಯನ್ನು ಕನ್ನಡದಲ್ಲಿ, ಆಯಾ ಕಂಪನಿಯ ಪರದೆಯ ಚಿತ್ರದೊಂದಿಗೆ ಆಪಿನೊಳಗೇ ಸೇರಿಸಿದೆ. ಆ ಚಿತ್ರಗಳನ್ನು ತೆಗೆಯಲಿಕ್ಕಾದರೂ ಆ ಫೋನ್ ಕೈಯಲ್ಲಿರಬೇಕು.

ಕನ್ನಡದ ಒತ್ತಕ್ಷರ ಕೆಳಗಡೆ ಕತ್ತರಿಸಿಹೋಗುತ್ತೆ, ಅದೂ ಕೆಲವು ಫೋನಲ್ಲಿ ಮಾತ್ರ. ಯಾಕೆ?

ಈ ಪ್ರಶ್ನೆ ನನಗೆ ತೀರ ಹತ್ತಿರದ್ದು. ನನ್ನ ಆಪಿನಲ್ಲಿ ಅಡಿಕೆಯ ಒಂದು ಬಗೆಯಾದ ‘ತಟ್ಟಿಬೆಟ್ಟೆ’ ಎಂಬ ಸಾಲಿನ ಒತ್ತುಗಳೆರಡೂ ಕತ್ತರಿಸಿ ‘ತಟಿಬೆಟೆ’ ಎಂದು ಕಾಣುತ್ತಿದ್ದುದನ್ನು ಬೆಳೆಗಾರರೊಬ್ಬರು ಚಿತ್ರ ತೆಗೆದು ಕಳಿಸಿ, ‘ಇದು ಯಾವ ಜಾತಿಯ ಅಡಿಕೆ ಮಾರಾಯ್ರೆ?’ ಎಂದು ಕೇಳಿದ್ದರು. ಆಂಡ್ರಾಯ್ಡಿನಲ್ಲಿ ಕನ್ನಡದಂಥ ಎತ್ತರದ ಲಿಪಿಗಳಿಗೆ ಹಿಂದಿನಿಂದ ಬಂದ ರೂಢಿಯೆಂದರೆ, ಸಾಲಿನ ಎತ್ತರ ಕುಗ್ಗಿಸಿದ ಅಕ್ಷರರೂಪವನ್ನು ಬಳಸುವುದು. ಆಂಡ್ರಾಯ್ಡ್ 15ನ್ನು ಗುರಿಯಾಗಿಸಿ ಕಟ್ಟಿದ ಆಪ್‌ಗಳಲ್ಲಿ ಇದು ಬದಲಾಗಿ, ಅಂಥ ಫೋನುಗಳಲ್ಲಿ ಪೂರ್ಣ ಎತ್ತರದ ರೂಪವೇ ತಾನಾಗಿ ಬರುತ್ತದೆ. ಹೀಗಾಗಿ ಒಂದೇ ಆಪ್ ಹಳೆಯ ಫೋನಿನಲ್ಲಿ ಒಂದು ಎತ್ತರ, ಹೊಸದರಲ್ಲಿ ಇನ್ನೊಂದು ಎತ್ತರ ತೋರಿಸುತ್ತದೆ; ನೀವು ಸಾಲಿಗೆ ಇಂತಿಷ್ಟೇ ಎಂದು ಎತ್ತರ ಗೊತ್ತುಮಾಡಿದ್ದರೆ ಒತ್ತಕ್ಷರಕ್ಕೆ ಕುತ್ತು ಬರುತ್ತದೆ.

ಸಾಲಿನ ಎತ್ತರವನ್ನು ಬಿಗಿಯಾಗಿ ಕಟ್ಟಬೇಡಿ, ಅಕ್ಷರದ ಮೇಲೆ ಕೆಳಗಿನ ಖಾಲಿ ಜಾಗವನ್ನು ವಿನ್ಯಾಸದ ಅಂದಕ್ಕಾಗಿ ತೆಗೆಯಬೇಡಿ. ಬಳಿಕ ಒಂದು ಹಳೆಯ ಮತ್ತು ಒಂದು ಹೊಸ ಫೋನಿನಲ್ಲಿ ಅಕ್ಷರದ ಗಾತ್ರವನ್ನು ಗರಿಷ್ಠಕ್ಕೇರಿಸಿ ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮಿ’, ‘ಸೂರ್ಯ’ ಎಂಬ ನಾಲ್ಕು ಪದಗಳನ್ನು ಪ್ರತಿಯೊಂದು ಗುಂಡಿಯ ಮೇಲೂ ಬರೆದು ನೋಡಿ. ಕಂಪನಿಯ ಕೀಲಿಮಣೆ ಮತ್ತು ಗೂಗಲ್‌ನ ಜಿಬೋರ್ಡ್ ಎರಡರಿಂದಲೂ ಅದೇ ಪದಗಳನ್ನು ಟೈಪ್ ಮಾಡಿ, ಹಿಂದಕ್ಕೆ ಅಳಿಸಿಯೂ ನೋಡಬೇಕು.

ಐಫೋನಿಗೆ ಏನು ಮಾಡೋದು?

ಐಫೋನಿನ ತಂತ್ರಾಂಶ ದೇಶದಿಂದ ದೇಶಕ್ಕೆ ಅಷ್ಟಾಗಿ ಬದಲಾಗದ ಕಾರಣ, ನೀವಿರುವಲ್ಲಿಯೇ ಹಳೆಯದೊಂದನ್ನು ಕೊಂಡರೆ ಸಾಕು. ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ನಂತರದವುಗಳಲ್ಲಿ ಸಿಮ್ ತಟ್ಟೆಯೇ ಇಲ್ಲ. ಊರಿನ ಪ್ಲಾಸ್ಟಿಕ್ ಸಿಮ್ ಹಾಕಬೇಕೆಂದಿದ್ದವರು ಅದನ್ನು ನೆನಪಿಡಬೇಕು. ಊರಿನ ಪರೀಕ್ಷಕರಿಗೆ ಆಪಲ್‌ನ ಪರೀಕ್ಷಾ ಸೇವೆಯಾದ ಟೆಸ್ಟ್‌ಫ್ಲೈಟ್ ಮೂಲಕ ಕಳಿಸಿದ ಆಪಿನ ಪ್ರತಿಯ ಅವಧಿ 90 ದಿನಗಳಲ್ಲಿ ಮುಗಿಯುತ್ತದೆ.

ಪ್ಲೇ ಸ್ಟೋರಿನವರು 12 ಜನ ಪರೀಕ್ಷಕರು ಬೇಕು ಅಂತಾರೆ. ಅಷ್ಟು ಜನ ಎಲ್ಲಿಂದ ತರಲಿ?

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಈ ನಿಯಮವಿದೆ. ಮೊದಲು 20 ಇದ್ದ ಸಂಖ್ಯೆಯನ್ನು 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಸಿದರು, ಅವರು ಸತತ 14 ದಿನ ಪರೀಕ್ಷೆಯಲ್ಲಿ ಸೇರಿಕೊಂಡಿರಬೇಕು. ಹಣಕ್ಕೆ ಪರೀಕ್ಷಕರನ್ನು ಒದಗಿಸುವವರಿದ್ದಾರೆ. ಅವರ ಬಳಿಗೆ ಹೋಗಬೇಡಿ. ಊರಿನಲ್ಲಿ ಹನ್ನೆರಡು ಫೋನುಗಳು, ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ವಯಸ್ಸಿನವು, ನಿಜವಾದ ಸಿಗ್ನಲ್ಲಿನಲ್ಲಿ ನಿಮಗಾಗಿ ಕಾದಿವೆ.

ನಾನು ಮೊದಲು ಚಿಕ್ಕಪ್ಪನಿಗೆ ಹೇಳಿದೆ. ಅವರು ಹಾಲಿನ ಡೇರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಸೇರಿದವರಿಗೆ ನಾನು ಮಾಡಿಕೊಂಡ ವಿನಂತಿ ಒಂದೇ ಆಗಿತ್ತು: ಏನಾದರೂ ಸರಿ ಕಾಣದಿದ್ದರೆ ಬರೆಯುವ ಶ್ರಮ ಬೇಡ, ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು, ನೀವು ಒತ್ತುವುದನ್ನು ವಿಡಿಯೊ ಮಾಡಿಸಿ ಕಳಿಸಿ. ಎರಡು ವಾರದಲ್ಲಿ ಬಂದ ಮೂವತ್ತೊಂದು ವಿಡಿಯೊಗಳಲ್ಲಿ ಒಂದರಲ್ಲಿ, ಅಡಿಕೆ ಸುಲಿದು ಕಪ್ಪಾದ ಹೆಬ್ಬೆರಳೊಂದು ‘ಮುಂದೆ’ ಎಂಬ ಗುಂಡಿಯನ್ನು ನಾಲ್ಕು ಸಲ ಒತ್ತಿದರೂ ಅದು ಅಲುಗಲಿಲ್ಲ. ನನ್ನ ಬೆರಳಿನ ಅಳತೆಗೆ ಸರಿಯಾಗಿದ್ದ ಗುಂಡಿ ಆ ಬೆರಳಿಗೆ ಚಿಕ್ಕದಾಗಿತ್ತು. ಮರುದಿನವೇ ಅದನ್ನು ದೊಡ್ಡದು ಮಾಡಿದೆ.